ಬೊಮ್ಮಾಯಿ ಮೊಕದ್ದಮೆ: ತೀರ್ಪಿನ ಸ್ಥಳ, ತೀರ್ಪಿನ ಕಾಲ

ಭಾರತದ ಯಾವ ಉಚ್ಚ ನ್ಯಾಯಾಲಯದಲ್ಲಿಯೇ ಆಗಲಿ, ರಾಜ್ಯಪಾಲರ ಅಧಿಕಾರದ ಪ್ರಶ್ನೆ ಎದ್ದೊಡನೆ ವಕೀಲರು ಮೊದಲು ಎತ್ತುವ ಹೆಸರು ಒಬ್ಬ ಕನ್ನಡಿಗರದು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿ, ಎಂ. ಎನ್. ರಾಯರ ವಿಚಾರಗಳಿಂದ ಪ್ರಭಾವಿತರಾಗಿ ರಾಜಕಾರಣಕ್ಕೆ ಬಂದ ಎಸ್. ಆರ್. ಬೊಮ್ಮಾಯಿಯವರು ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದುದು 1988ರ ಆಗಸ್ಟ್ 13ರಿಂದ 1989ರ ಏಪ್ರಿಲ್ 21ರವರೆಗೆ, ಎಂಟು ತಿಂಗಳ ಮೇಲೆ ಕೆಲವು ದಿನ ಮಾತ್ರ. ಅವರ ಆಡಳಿತವನ್ನು ನೆನೆಯುವವರು ಇಂದು ವಿರಳ. ಅವರ ಹೆಸರಿನ ಮೊಕದ್ದಮೆಯನ್ನು ನೆನೆಯದೆ ಸಂವಿಧಾನದ ಪಾಠ ಮುಗಿಯುವುದಿಲ್ಲ. ಹೊರನಾಡ ಕನ್ನಡಿಗರು ಇದನ್ನು ಅಭಿಮಾನದಿಂದ ಹೇಳಿಕೊಳ್ಳುವುದು ಸಹಜವೇ. ಆದರೆ ಹಾಗೆ ಹೇಳಿಕೊಳ್ಳುವವರಲ್ಲಿ ತೀರ್ಪನ್ನು ಓದಿದವರು ಕಡಿಮೆ. ಓದಿದವರಲ್ಲಿಯೂ, ಅದರಿಂದ ಬೊಮ್ಮಾಯಿಯವರಿಗೆ ದೊರೆತದ್ದೇನು ಎಂದು ಕೇಳಿಕೊಂಡವರು ಇನ್ನೂ ಕಡಿಮೆ.

ಆ ಪ್ರಶ್ನೆಗೆ ಉತ್ತರ ಚಿಕ್ಕದು: ಏನೂ ದೊರೆಯಲಿಲ್ಲ. ಅವರು ಗೆದ್ದರು, ಆದರೆ ಗೆದ್ದ ವಸ್ತು ಆ ವೇಳೆಗೆ ಲೋಕದಲ್ಲಿ ಇರಲಿಲ್ಲ. ಈ ಸಂಗತಿಯನ್ನು ತೀರ್ಪಿನ ಅಂಚಿನಲ್ಲಿರುವ ಒಂದು ದುರ್ದೈವವೆಂದು ಬಿಟ್ಟುಬಿಡುವುದು ವಾಡಿಕೆಯಾಗಿದೆ. ವಾಸ್ತವವಾಗಿ ಅದೇ ತೀರ್ಪಿನ ನಡುವಣ ದೋಷ. ಸರಕಾರದ ಬಹುಮತವನ್ನು ಎಲ್ಲಿ ಅಳೆಯಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ನಿಸ್ಸಂದಿಗ್ಧವಾಗಿ ಹೇಳಿತು. ಯಾವಾಗ ಅಳೆಯಬೇಕು, ಅಳತೆ ತಪ್ಪಾದರೆ ಎಷ್ಟು ದಿನದೊಳಗೆ ತಿದ್ದಬೇಕು ಎಂಬುದನ್ನು ಅಷ್ಟು ಖಚಿತವಾಗಿ ಹೇಳಲಿಲ್ಲ. ಅನಂತರದ ಮೂವತ್ತು ವರ್ಷಗಳಲ್ಲಿ ರಾಜ್ಯಗಳ ಅಧಿಕಾರಕ್ಕಾಗಿ ನಡೆದ ಕಲಹಗಳೆಲ್ಲ ಹೆಚ್ಚುಕಡಮೆ ಈ ಎರಡನೆಯ ಪ್ರಶ್ನೆಯ ಸುತ್ತಲೇ ತಿರುಗಿವೆ.

ಸಂವಿಧಾನದ 356ನೆಯ ವಿಧಿಯ ಪೂರ್ವಚರಿತ್ರೆ ವಾಚಕರಿಗೆ ತಿಳಿದದ್ದೇ. 1935ರ ಭಾರತ ಸರಕಾರ ಕಾಯಿದೆಯ 93ನೆಯ ಕಲಮಿನ ಸಂತಾನ ಅದು. ರಾಜ್ಯಪಾಲರ ವರದಿಯಿಂದಾಗಲಿ ಅಥವಾ ಅನ್ಯಥಾ ಆಗಲಿ, ರಾಜ್ಯದ ಆಡಳಿತ ಸಂವಿಧಾನಾನುಸಾರ ನಡೆಯಲಾರದೆಂದು ಮನವರಿಕೆಯಾದರೆ ರಾಷ್ಟ್ರಪತಿಗಳು ಆ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದು. ಈ ‘ಅನ್ಯಥಾ’ ಎಂಬ ಮಾತಿಗೆ ಸಂವಿಧಾನ ರಚನಾ ಸಭೆಯಲ್ಲಿ ತೀವ್ರವಾಗಿ ಅಡ್ಡಿಮಾಡಿದವರು ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು. ಡಾ. ಅಂಬೇಡ್ಕರರು ವಿಧಿಯನ್ನು ಸಮರ್ಥಿಸಿದರೂ, ಅದು ಎಂದೂ ಬಳಕೆಗೆ ಬಾರದ ಸತ್ತ ಅಕ್ಷರವಾಗಿ ಉಳಿಯಲೆಂಬ ಆಶೆಯನ್ನು ಅದೇ ಚರ್ಚೆಯಲ್ಲಿ ವ್ಯಕ್ತಪಡಿಸಿದರು. 1951ರಲ್ಲಿ ಪಂಜಾಬಿನಿಂದ ಮೊದಲಾಗಿ 1994ರ ಹೊತ್ತಿಗೆ ಅದು 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. 1977ರಲ್ಲಿ ಜನತಾ ಸರಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಮರಳಿ ಬಂದ ಕಾಂಗ್ರೆಸ್ ಸರಕಾರವೂ ಒಂಬತ್ತನ್ನೇ ವಿಸರ್ಜಿಸಿ ಲೆಕ್ಕ ಸರಿಮಾಡಿತು.

ಕರ್ನಾಟಕಕ್ಕೆ ಇದರ ಅನುಭವ ಹೊಸದಾಗಿರಲಿಲ್ಲ. 1977ರಲ್ಲಿ ದೇವರಾಜ ಅರಸರ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿದಾಗ, ರಾಜ್ಯವು ಕೇಂದ್ರದ ಮೇಲೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ ಸೋತಿತು. ಆ ವರ್ಷದ ಡಿಸೆಂಬರ್ 31ರಂದು ಅರಸರ ಸರಕಾರವೂ ಹೋಯಿತು. ಎರಡೇ ತಿಂಗಳೊಳಗೆ, 1978ರ ಫೆಬ್ರವರಿಯ ಚುನಾವಣೆಯಲ್ಲಿ, ಅರಸರು ಮರಳಿ ಬಹುಮತ ಪಡೆದರು. ನ್ಯಾಯಾಲಯ ಕೊಡದಿದ್ದುದನ್ನು ಮತದಾರರು ಕೊಟ್ಟರು, ಅದೂ ತಡವಿಲ್ಲದೆ. ಬೊಮ್ಮಾಯಿಯವರ ಪಾಲಿಗೆ ಆದದ್ದು ಇದರ ವಿಪರ್ಯಾಸ.

1989ರ ಏಪ್ರಿಲ್ ತಿಂಗಳ ಆ ಕೆಲವು ದಿನಗಳನ್ನು ತೀರ್ಪಿನಲ್ಲಿ ನಿರೂಪಿತವಾಗಿರುವ ಕ್ರಮದಲ್ಲಿಯೇ ನೋಡುವುದು ಒಳ್ಳೆಯದು. 15ರಂದು ಮಂತ್ರಿಮಂಡಲ ವಿಸ್ತಾರವಾಯಿತು. ಹದಿಮೂರು ಮಂದಿ ಹೊಸಬರು ಬಂದರು, ಬಾರದವರು ಅಸಂತುಷ್ಟರಾದರು. ಎರಡು ದಿನ ಕಳೆಯುವುದರೊಳಗೆ ಜನತಾದಳದ ಶಾಸಕರೊಬ್ಬರು ಪಕ್ಷ ಬಿಟ್ಟರು. ಅವರು ತರುವಾಯ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಹತ್ತೊಂಬತ್ತು ಪತ್ರಗಳನ್ನು ಒಪ್ಪಿಸಿದರು. ಹತ್ತೊಂಬತ್ತು ಶಾಸಕರು ಸರಕಾರಕ್ಕೆ ಕೊಟ್ಟ ಬೆಂಬಲವನ್ನು ಹಿಂದೆಗೆದುಕೊಂಡಿರುವುದಾಗಿ ಅವುಗಳಲ್ಲಿ ಬರೆದಿತ್ತು. ರಾಜ್ಯಪಾಲರು ವಿಧಾನಮಂಡಲದ ಕಾರ್ಯದರ್ಶಿಯನ್ನು ಕರೆಸಿ ಸಹಿಗಳನ್ನು ತಾಳೆ ನೋಡಿಸಿದರು. ಸಹಿಗಳು ಸರಿಯಾಗಿದ್ದವು. 19ರಂದು, ಮುಖ್ಯಮಂತ್ರಿಗಳನ್ನು ಒಂದು ಮಾತೂ ಕೇಳದೆ, ಈ ಸರಕಾರಕ್ಕೆ ಬಹುಮತವಿಲ್ಲವೆಂದೂ ಬೇರೆ ಯಾವ ಪಕ್ಷವೂ ಸರಕಾರ ರಚಿಸುವ ಸ್ಥಿತಿಯಲ್ಲಿಲ್ಲವೆಂದೂ ರಾಷ್ಟ್ರಪತಿಗಳಿಗೆ ವರದಿ ಹೋಯಿತು.

ಮರುದಿನವೇ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಯಿತೆಂದೂ ತಾವು ಸರಕಾರದ ಪರವಾಗಿಯೇ ಇರುವೆವೆಂದೂ ಬರೆದುಕೊಟ್ಟರು. ಮಂತ್ರಿಮಂಡಲ ಅಂದೇ ಸೇರಿ, ಏಪ್ರಿಲ್ 27ರಂದು ವಿಧಾನಸಭೆಯನ್ನು ಕರೆಯಲು ನಿಶ್ಚಯಿಸಿತು. ಬೊಮ್ಮಾಯಿಯವರು ಕಾನೂನು ಮಂತ್ರಿಗಳೊಡನೆ ರಾಜ್ಯಪಾಲರನ್ನು ಕಂಡು, ಬೇಕಾದರೆ ಅಧಿವೇಶನವನ್ನು ಇನ್ನೂ ಮುಂಚೆ ಕರೆದು ಬಹುಮತ ತೋರಿಸುವೆನೆಂದರು. ಅದೇ ಅರ್ಥದ ಟೆಲೆಕ್ಸ್ ಸಂದೇಶ ರಾಷ್ಟ್ರಪತಿಗಳಿಗೂ ಹೋಯಿತು. ರಾಜ್ಯಪಾಲರು ಅಂದು ಎರಡನೆಯ ವರದಿ ಬರೆದರು. ಏಳು ಮಂದಿಯ ಪತ್ರಗಳು ಮುಖ್ಯಮಂತ್ರಿಗಳ ಒತ್ತಡದಿಂದ ಬಂದವೆಂದೂ, ಶಾಸಕರ ವ್ಯಾಪಾರ ನಡೆದಿದೆಯೆಂದೂ ಅದರ ಸಾರ. 21ರ ಉದ್ಘೋಷಣೆಯೊಂದಿಗೆ ಸರಕಾರವೂ ಹೋಯಿತು, ವಿಧಾನಸಭೆಯೂ ಹೋಯಿತು.

ಹಣಕಾಸಿನ ವ್ಯವಹಾರ ಬಲ್ಲವರಿಗೆ ಇಲ್ಲಿ ಒಂದು ವಿಷಯ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಚೆಕ್ಕಿನ ಮೇಲಿನ ಸಹಿ ತಾಳೆಯಾದರೆ ಗುಮಾಸ್ತನ ಹೊಣೆ ತೀರುತ್ತದೆ. ಬರೆದವನ ಮನಸ್ಸನ್ನು ವಿಚಾರಿಸುವ ಗೊಡವೆ ಅವನಿಗಿಲ್ಲ. ಆದರೆ ಬರೆದವನೇ ಬಂದು ಹಣ ಕೊಡಬೇಡಿರೆಂದು ತಡೆದ ಮೇಲೆ, ಸಹಿ ಸರಿಯಾಗಿದೆ ಎಂಬ ಕಾರಣದಿಂದ ಹಣ ಕೊಡುವ ಗುಮಾಸ್ತನನ್ನು ಯಾವ ಬ್ಯಾಂಕೂ ಕ್ಷಮಿಸುವುದಿಲ್ಲ. ರಾಜ್ಯಪಾಲರು ಗುಮಾಸ್ತನ ತಪಾಸಣೆಯಿಂದ ಮೊದಲುಮಾಡಿದರು. ಏಳು ಮಂದಿ ತಡೆದಾಗ ಮಾತ್ರ ಒಮ್ಮೆಲೇ ಮನಸ್ಸುಗಳನ್ನು ಓದುವ ಜ್ಯೋತಿಷಿಯಾದರು. ಮೊದಲ ಪತ್ರಗಳಿಗೆ ಸಹಿಯೇ ಪ್ರಮಾಣ, ಎರಡನೆಯ ಪತ್ರಗಳಿಗೆ ಉದ್ದೇಶವೇ ಪ್ರಮಾಣ. ಎರಡು ಬಗೆಯ ತಕ್ಕಡಿ ಒಂದೇ ಕೈಯಲ್ಲಿ ಹೇಗೆ ನಿಂತವೆಂಬುದನ್ನು ಆ ಎರಡು ವರದಿಗಳು ಹೇಳುವುದಿಲ್ಲ.

ಏಪ್ರಿಲ್ 26ರಂದು ರಿಟ್ ಅರ್ಜಿ ಸಲ್ಲಿಕೆಯಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅದನ್ನು ವಜಾ ಮಾಡಿತು. ಸದನದಲ್ಲಿ ಬಲಪರೀಕ್ಷೆ ನಡೆಸುವುದು ಕಡ್ಡಾಯವೂ ಅಲ್ಲ, ವರದಿ ಕಳುಹಿಸುವ ಮುನ್ನ ಪೂರೈಸಬೇಕಾದ ನಿಬಂಧನೆಯೂ ಅಲ್ಲ ಎಂಬುದು ಆ ಪೀಠದ ಅಭಿಪ್ರಾಯ. ಆ ಪೀಠವನ್ನು ಇಂದು ಹಳಿಯುವುದು ಸುಲಭ. ಅದರ ಮುಂದಿದ್ದುದು 1977ರ ರಾಜಸ್ಥಾನ ಮೊಕದ್ದಮೆಯ ತೀರ್ಪು. ಏಳು ಮಂದಿ ನ್ಯಾಯಮೂರ್ತಿಗಳು ಇಂತಹ ವಿಷಯಗಳಲ್ಲಿ ನ್ಯಾಯಾಲಯದ ಪ್ರವೇಶದ್ವಾರವನ್ನು ಅಲ್ಲಿ ಬಹಳ ಕಿರಿದು ಮಾಡಿದ್ದರು. 1988ರಲ್ಲಿ ಬಂದ ಸರ್ಕಾರಿಯಾ ಆಯೋಗದ ವರದಿ ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕೆಂದಿತ್ತು, ನಿಜ. ಆದರೆ ಆಯೋಗದ ವರದಿ ಕಾನೂನಲ್ಲ.

ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು ಹೊರಬಿದ್ದುದು 1994ರ ಮಾರ್ಚ್ 11ರಂದು. ಗ್ರಂಥವಾಗಿ ನೋಡಿದರೆ ಇದು ಸುಲಭವಾದ ಓದಲ್ಲ. ಒಂಬತ್ತು ಮಂದಿ ಆರು ಅಭಿಪ್ರಾಯಗಳನ್ನು ಬರೆದಿದ್ದಾರೆ. ಮುಂಬಯಿ ಉಚ್ಚ ನ್ಯಾಯಾಲಯದಿಂದ ಹೋದ ಪಿ. ಬಿ. ಸಾವಂತರು ಕುಲದೀಪ್ ಸಿಂಗರೊಡನೆಯೂ, ಬಿ. ಪಿ. ಜೀವನ್ ರೆಡ್ಡಿಯವರು ಎಸ್. ಸಿ. ಅಗರವಾಲರೊಡನೆಯೂ ಬರೆದ ಎರಡು ದೀರ್ಘ ಅಭಿಪ್ರಾಯಗಳಿಗೆ ರತ್ನವೇಲ್ ಪಾಂಡಿಯನ್ನರ ಸಮ್ಮತಿ ಸೇರಿದಾಗ ಐವರ ಬಹುಮತ ಸಿದ್ಧಿಸುತ್ತದೆ. ಜೆ. ಎಸ್. ವರ್ಮಾ ಅವರು ಯೋಗೇಶ್ವರ್ ದಯಾಳರೊಡನೆ ಬರೆದದ್ದು ಕೆಲವೇ ಪುಟ. ನ್ಯಾಯಾಲಯ ಅಳೆಯಬಲ್ಲ ಮಾನದಂಡವಿರುವ ಅಪರೂಪದ ಪ್ರಸಂಗಗಳಲ್ಲಿ ಮಾತ್ರ ಕೈಹಾಕಬೇಕೆಂದು ಅವರ ಎಚ್ಚರಿಕೆ. ಎ. ಎಂ. ಅಹಮದಿಯವರೂ ಕೆ. ರಾಮಸ್ವಾಮಿಯವರೂ ಬೇರೆಯಾಗಿ ಬರೆದರು. ಭಾರತದ ರಾಜ್ಯವ್ಯವಸ್ಥೆ ಪೂರ್ಣ ಒಕ್ಕೂಟವೋ, ಅರೆ ಒಕ್ಕೂಟವೋ ಎಂಬ ವಿಷಯದಲ್ಲಿಯೂ ಒಮ್ಮತವಿಲ್ಲ. ಒಕ್ಕೂಟ ತತ್ತ್ವವು ಸಂವಿಧಾನದ ಮೂಲಲಕ್ಷಣ, ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂದು ಜೀವನ್ ರೆಡ್ಡಿಯವರು ಹೇಳಿದ ಭಾಗ ಮಾತ್ರ ಮತ್ತೆ ಮತ್ತೆ ಉದ್ಧೃತವಾಗುತ್ತದೆ. ಅದು ಉದ್ಧರಿಸಲು ತಕ್ಕ ಭಾಗವೇ.

ತೀರ್ಪಿನ ಸತ್ತ್ವ ಮೂರು ಸಂಗತಿಗಳಲ್ಲಿದೆ. ರಾಷ್ಟ್ರಪತಿಗಳ ಮನವರಿಕೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಮಂತ್ರಿಮಂಡಲ ಕೊಟ್ಟ ಸಲಹೆಯನ್ನು ಕೇಳುವಂತಿಲ್ಲವೆಂದು 74ನೆಯ ವಿಧಿ ಹೇಳಿದರೂ, ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಲು ಅಡ್ಡಿಯಿಲ್ಲ. ಮತ್ತು ಸರಕಾರಕ್ಕೆ ಬಹುಮತವುಂಟೇ ಇಲ್ಲವೇ ಎಂಬುದು ರಾಜಭವನದಲ್ಲಿ ತೀರ್ಮಾನವಾಗತಕ್ಕದ್ದಲ್ಲ, ವಿಧಾನಸಭೆಯಲ್ಲಿ ತೀರ್ಮಾನವಾಗತಕ್ಕದ್ದು. ಮೊದಲ ಎರಡನ್ನು ಹೇಳಲು ದಾರಿ ತೆರೆದಿತ್ತು. 1975ರ 38ನೆಯ ತಿದ್ದುಪಡಿ ರಾಷ್ಟ್ರಪತಿಗಳ ಮನವರಿಕೆಯನ್ನು ಪ್ರಶ್ನಾತೀತವೆಂದು ಮಾಡಿದ್ದರೂ, 1978ರ 44ನೆಯ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತ್ತು. ಮೂರನೆಯದು ನ್ಯಾಯಾಲಯದ ಸ್ವಂತ ಕಾಣಿಕೆ. ಹತ್ತೊಂಬತ್ತು ಕಾಗದಗಳ ಬದಲು ಹತ್ತೊಂಬತ್ತು ಮನುಷ್ಯರು ಎದ್ದುನಿಂತು, ಎಲ್ಲರ ಕಣ್ಣೆದುರು, ತಮ್ಮ ಮತವನ್ನು ತಾವೇ ಹೇಳಲಿ ಎಂಬುದು ಅದರ ಅರ್ಥ. ಪ್ರಜಾಪ್ರಭುತ್ವದ ವಿಷಯದಲ್ಲಿ ಇಷ್ಟು ಸರಳವಾದ ಮಾತು ನ್ಯಾಯಾಲಯದಿಂದ ಬರಲು ನಾಲ್ವತ್ತನಾಲ್ಕು ವರ್ಷ ಬೇಕಾಯಿತು.

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡುಗಳ ಉದ್ಘೋಷಣೆಗಳು ಸಂವಿಧಾನಬಾಹಿರವೆಂದಾಯಿತು. ಆದರೆ ಅಯೋಧ್ಯೆಯ ಘಟನೆಯ ಬೆನ್ನಿಗೆ 1992ರ ಡಿಸೆಂಬರ್ 15ರಂದು ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳನ್ನು ತೆಗೆದದ್ದು ಸಿಂಧುವೆಂದಾಯಿತು. ಜಾತ್ಯತೀತತೆ ಸಂವಿಧಾನದ ಮೂಲಲಕ್ಷಣವೆಂಬ ಆ ಭಾಗದ ತತ್ತ್ವದಲ್ಲಿ ದೋಷವೆಣಿಸಲು ಕಾರಣವಿಲ್ಲ. ದೋಷ ಪ್ರಮಾಣದ ಅಳತೆಯಲ್ಲಿದೆ. ಬೆಂಗಳೂರಿನ ರಾಜ್ಯಪಾಲರ ವರದಿಯನ್ನು ಸಾಲುಸಾಲಾಗಿ ಜಾಲಿಸಿದ ಪೀಠವು, ಭೋಪಾಲ, ಜಯಪುರ, ಶಿಮ್ಲಾಗಳ ವರದಿಗಳನ್ನು ಅಷ್ಟು ಬಿಗಿಯಾಗಿ ಜಾಲಿಸಲಿಲ್ಲ. ಒಂದೇ ತೀರ್ಪಿನೊಳಗೆ ಜರಡಿಯ ಕಣ್ಣು ಹಿರಿದಾದದ್ದನ್ನು ತೀರ್ಪಿನ ಅಭಿಮಾನಿಗಳೂ ಒಪ್ಪಬೇಕು.

ಈಗ ಕಾಲದ ಮಾತು. 1989ರ ಏಪ್ರಿಲ್ 26ರಿಂದ 1994ರ ಮಾರ್ಚ್ 11ಕ್ಕೆ ನಾಲ್ಕು ವರ್ಷ ಹತ್ತೂವರೆ ತಿಂಗಳು. ಒಂದು ವಿಧಾನಸಭೆಯ ಪೂರ್ಣಾವಧಿಗೆ ಒಂದೂವರೆ ತಿಂಗಳಷ್ಟೆ ಕಡಿಮೆ. ಈ ನಡುವೆ 1989ರ ನವೆಂಬರಿನಲ್ಲಿ ಚುನಾವಣೆ ನಡೆದು, ಕಾಂಗ್ರೆಸ್ 178 ಸ್ಥಾನಗಳನ್ನು ಗೆದ್ದಿತು, ಜನತಾದಳಕ್ಕೆ ಉಳಿದದ್ದು 24. ವೀರೇಂದ್ರ ಪಾಟೀಲರು ಬಂದು ಹೋದರು, 1990ರ ಅಕ್ಟೋಬರಿನಲ್ಲಿ ಒಂದು ವಾರ ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂದು ಹೋಯಿತು, ಬಂಗಾರಪ್ಪನವರು ಬಂದು ಹೋದರು, ತೀರ್ಪಿನ ದಿನ ಮುಖ್ಯಮಂತ್ರಿಗಳಾಗಿದ್ದವರು ವೀರಪ್ಪ ಮೊಯಿಲಿಯವರು. ಯಾರನ್ನು ಎಲ್ಲಿ ಪುನಃಸ್ಥಾಪಿಸುವುದು? ಚುನಾವಣೆ ನಡೆದುಹೋಗಿರುವುದರಿಂದ ಪರಿಹಾರ ಕೊಡುವ ಪ್ರಶ್ನೆಯಿಲ್ಲವೆಂದು ನ್ಯಾಯಾಲಯ ಹೇಳಿತು. ಹುಂಡಿ ಅಸಲಿಯೆಂದು ತೀರ್ಮಾನವಾಗುವಷ್ಟರಲ್ಲಿ ಅದನ್ನು ಪಾವತಿ ಮಾಡಬೇಕಾದ ಅಂಗಡಿಯೇ ಮುಚ್ಚಿತ್ತು.

178ಕ್ಕೆ 24 ಎಂಬ ಸಂಖ್ಯೆಗಳನ್ನು ಮುಂದಿಟ್ಟು, ಜನರೇ ಆ ವಜಾವನ್ನು ಅನುಮೋದಿಸಿದರಲ್ಲವೇ ಎಂದು ವಾದಿಸುವವರುಂಟು. ಈ ವಾದ ನಿಲ್ಲದು. ನವೆಂಬರಿನಲ್ಲಿ ಮತದಾರರು ಉತ್ತರಿಸಿದ್ದು ತಮ್ಮನ್ನು ಯಾರು ಆಳಬೇಕೆಂಬ ಪ್ರಶ್ನೆಗೆ. ಏಪ್ರಿಲ್ 27ರಂದು ಸೇರಬೇಕಾಗಿದ್ದ ಸಭೆಯನ್ನು ತಡೆದದ್ದು ನ್ಯಾಯವೇ ಎಂಬ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬೊಮ್ಮಾಯಿಯವರು ಆ ಸಭೆಯಲ್ಲಿಯೇ ಸೋಲುತ್ತಿದ್ದರೂ ಇರಬಹುದು. ಸದನದಲ್ಲಿ ಸೋಲುವುದೂ ಒಂದು ಸರಕಾರದ ಹಕ್ಕು.

ಈ ದೋಷವನ್ನು ಪೀಠವು ಕಾಣದೆ ಇರಲಿಲ್ಲ ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ಉದ್ಘೋಷಣೆಗೆ ಸಂಸತ್ತಿನ ಉಭಯ ಸದನಗಳ ಒಪ್ಪಿಗೆ ದೊರೆಯುವವರೆಗೆ ವಿಧಾನಸಭೆಯನ್ನು ವಿಸರ್ಜಿಸಕೂಡದು, ಅಮಾನತಿನಲ್ಲಿ ಮಾತ್ರ ಇಡಬಹುದು. ಅಗತ್ಯವಾದರೆ ಹೊಸ ಚುನಾವಣೆಗೆ ನ್ಯಾಯಾಲಯ ತಡೆ ಕೊಡಬಹುದು. ಉದ್ಘೋಷಣೆ ಅಸಿಂಧುವಾದರೆ ಹಳೆಯ ಸರಕಾರವನ್ನೂ ಸಭೆಯನ್ನೂ ಬದುಕಿಸಬಹುದು. ಇವು ಮುಂದಿನವರಿಗಾಗಿ ಕಟ್ಟಿದ ಒಡ್ಡುಗಳು. ಅವುಗಳ ಗಟ್ಟಿತನ ಬಿಹಾರದಲ್ಲಿ ಪರೀಕ್ಷೆಗೆ ಬಂದಿತು. ಅಲ್ಲಿ 2005ರ ಮಾರ್ಚ್ 7ರಂದು ವಿಧಾನಸಭೆಯನ್ನು ಅಮಾನತಿನಲ್ಲಿಟ್ಟು, ಸಂಸತ್ತಿನ ಒಪ್ಪಿಗೆ ಪಡೆದು, ಅನಂತರ ಮೇ 23ರಂದು ವಿಸರ್ಜಿಸಿದರು. ಒಡ್ಡು ಒಡೆಯಲಿಲ್ಲ, ನೀರು ಬಳಸಿ ಹರಿಯಿತು. ವಿಸರ್ಜನೆ ಸಂವಿಧಾನಬಾಹಿರವೆಂದು ಅಕ್ಟೋಬರ್ 7ರಂದು ಹೇಳಿದ ನ್ಯಾಯಾಲಯ, ಚುನಾವಣೆಯ ಕಾರ್ಯ ಆರಂಭವಾಗಿದ್ದುದರಿಂದ ಸಭೆಯನ್ನು ಬದುಕಿಸಲಿಲ್ಲ. ಬೊಮ್ಮಾಯಿಯವರು ಸೋತ ಗಡಿಯಾರಕ್ಕೇ ಪಾಟನಾದ ಅರ್ಜಿದಾರರೂ ಸೋತರು.

ನ್ಯಾಯಾಲಯ ಮನಸ್ಸು ಮಾಡಿದರೆ ಕಾಲವನ್ನು ಹಿಡಿಯಬಲ್ಲದೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 2018ರ ಮೇ ತಿಂಗಳಲ್ಲಿ, 104 ಸ್ಥಾನ ಗೆದ್ದ ಪಕ್ಷದ ಯಡಿಯೂರಪ್ಪನವರಿಗೆ ರಾಜ್ಯಪಾಲ ವಜೂಭಾಯಿ ವಾಲಾ ಅವರು ಬಹುಮತ ತೋರಿಸಲು ಹದಿನೈದು ದಿನ ಕೊಟ್ಟಿದ್ದರು. ಸರ್ವೋಚ್ಚ ನ್ಯಾಯಾಲಯ ನಡುರಾತ್ರಿ ಕಳೆದ ಮೇಲೆ ಕುಳಿತು ಬೆಳಗಿನವರೆಗೆ ವಾದ ಕೇಳಿತು. ಮರುದಿನ ಮತ್ತೆ ಕುಳಿತು, ಮೇ 19ರ ಸಾಯಂಕಾಲ ನಾಲ್ಕು ಗಂಟೆಗೆ ಸದನದಲ್ಲಿ ಪರೀಕ್ಷೆಯಾಗಲೆಂದು ಆಜ್ಞಾಪಿಸಿತು. ಮತದಾನಕ್ಕೆ ಮೊದಲೇ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 1989ರಲ್ಲಿ ವರ್ಷಗಳಾಗಿ ಸಾಗಿದ್ದು ಇಲ್ಲಿ ಮೂರು ದಿನದಲ್ಲಿ ಮುಗಿಯಿತು.

ಮರುವರ್ಷ ಅದೇ ನ್ಯಾಯಾಲಯ ತಾನೇ ಹಾಕಿದ ಗೆರೆಯನ್ನು ಮಸುಕುಮಾಡಿತು. ಕುಮಾರಸ್ವಾಮಿಯವರ ಸರಕಾರದ ಶಾಸಕರು ರಾಜೀನಾಮೆ ಕೊಟ್ಟಾಗ, ಅವರನ್ನು ಸದನದ ಕಲಾಪಕ್ಕೆ ಬರುವಂತೆ ಬಲವಂತಪಡಿಸಬಾರದೆಂದು 2019ರ ಜುಲೈ 17ರಂದು ಮಧ್ಯಂತರ ಆಜ್ಞೆ ಹೊರಟಿತು. ಬಹುಮತ ಸದನದಲ್ಲಿಯೇ ಸಾಬೀತಾಗಬೇಕೆಂದ ನ್ಯಾಯಾಲಯ, ಸದನಕ್ಕೆ ಬಾರದಿರುವ ಸ್ವಾತಂತ್ರ್ಯಕ್ಕೆ ರಕ್ಷಣೆ ಕೊಟ್ಟಂತಾಯಿತು. 23ರಂದು 99 ಮತಗಳ ಎದುರು 105 ಮತಗಳಿಂದ ಸರಕಾರ ಬಿದ್ದಿತು. ಬಾರದವರೇ ಫಲಿತಾಂಶವನ್ನು ನಿರ್ಣಯಿಸಿದರು. ನವೆಂಬರ್ 13ರ ತೀರ್ಪು ಹದಿನೇಳು ಮಂದಿಯ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ, ಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಕೂಡದೆಂಬ ಸಭಾಧ್ಯಕ್ಷರ ನಿಷೇಧವನ್ನು ತೆಗೆಯಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹದಿನೈದರಲ್ಲಿ ಹನ್ನೆರಡು ಸ್ಥಾನಗಳು ಹೊಸ ಆಡಳಿತ ಪಕ್ಷಕ್ಕೆ ಹೋದವು. ಅನರ್ಹತೆಯ ಬೆಲೆ ನಾಲ್ಕೈದು ತಿಂಗಳು! ಈ ಮಾರ್ಪಟ್ಟ ವಿಧಾನಸಭೆಯಲ್ಲಿಯೇ 2021ರ ಜುಲೈ 28ರಂದು ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಇತಿಹಾಸಕ್ಕೆ ಇಂತಹ ಚೇಷ್ಟೆಯ ಚಾಳಿ ಇದೆ.

ಮುಂಬಯಿಯ ವಾಚಕರು ಕಣ್ಣಾರೆ ಕಂಡ ಪ್ರಸಂಗ ಇನ್ನೂ ವಿಚಿತ್ರವಾದುದು. ಉದ್ಧವ ಠಾಕ್ರೆಯವರು ಬಹುಮತ ಸಾಬೀತುಪಡಿಸಬೇಕೆಂದು ರಾಜ್ಯಪಾಲ ಕೋಶಿಯಾರಿಯವರು ಕರೆದ ಸಭೆಗೆ ತಡೆ ಕೊಡಲು ಸರ್ವೋಚ್ಚ ನ್ಯಾಯಾಲಯ 2022ರ ಜೂನ್ 29ರಂದು ನಿರಾಕರಿಸಿತು. ಆ ರಾತ್ರಿಯೇ ಠಾಕ್ರೆಯವರು ರಾಜೀನಾಮೆ ಕೊಟ್ಟರು. 2023ರ ಮೇ 11ರಂದು ಸಂವಿಧಾನ ಪೀಠವು, ಸಭೆ ಕರೆಯಲು ರಾಜ್ಯಪಾಲರ ಬಳಿ ತಕ್ಕ ಆಧಾರವಿರಲಿಲ್ಲವೆಂದೂ, ಆದರೆ ಠಾಕ್ರೆಯವರು ಪರೀಕ್ಷೆಯನ್ನು ಎದುರಿಸದೆ ತಾವಾಗಿ ಬಿಟ್ಟುಹೋದದ್ದರಿಂದ ಮೊದಲಿನ ಸ್ಥಿತಿಯನ್ನು ತರಲಾಗದೆಂದೂ ಹೇಳಿತು. ತಡೆ ಕೊಡಬಹುದಾಗಿದ್ದ ದಿನ ಕೊಡದೆ, ತಡೆ ನಿಷ್ಪ್ರಯೋಜಕವಾದ ಮೇಲೆ ತಪ್ಪನ್ನು ಗುರುತಿಸಿದಂತಾಯಿತು. ಇದಕ್ಕೆ ಪ್ರತಿಯಾಗಿ ಅರುಣಾಚಲವನ್ನು ಹೇಳುವವರುಂಟು. ಅಲ್ಲಿ 2016ರ ಜುಲೈ 13ರಂದು ನಬಾಮ್ ತುಕಿಯವರ ಸರಕಾರ ನ್ಯಾಯಾಲಯದ ಆಜ್ಞೆಯಿಂದ ಮರಳಿ ಬಂದಿತು. ಬಂದದ್ದು ನಿಜ, ಉಳಿದದ್ದು ನಾಲ್ಕು ದಿನವೂ ಅಲ್ಲ. ಏಳು ತಿಂಗಳಲ್ಲಿ ಶಾಸಕರ ನಿಷ್ಠೆ ಕದಲಿತ್ತು.

ನ್ಯಾಯಾಲಯವು ಶಾಸನಸಭೆಯ ಗಡಿಯಾರಕ್ಕೆ ಕೀಲಿಕೊಡುವ ಕೆಲಸ ಮಾಡಬಾರದೆಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಅಧಿಕಾರಗಳ ವಿಂಗಡಣೆ ಬರಿಯ ಪುಸ್ತಕದ ಮಾತಲ್ಲ. ಇಂದು ರಾಜ್ಯಪಾಲರಿಗೆ ಗಡುವು ಹಾಕುವ ನ್ಯಾಯಾಲಯ ನಾಳೆ ಸಭಾಧ್ಯಕ್ಷರಿಗೂ ಹಾಕೀತು. ಆದರೆ ಈ ಸಂಯಮದ ಲಾಭ ಯಾರಿಗೆ ಸಲ್ಲುತ್ತದೆಂಬುದನ್ನೂ ನೋಡಬೇಕಾಗುತ್ತದೆ. ತಡವಾದಾಗ ನಷ್ಟ ಯಾವಾಗಲೂ ಅರ್ಜಿದಾರನದು. ಕೃತ್ಯವನ್ನು ಮಾಡಿ ಮುಗಿಸಿದವನು ಕಾದು ಕುಳಿತರೆ ಸಾಕು. ಗಡುವು ಹಾಕದಿರುವುದು ತಟಸ್ಥತೆಯೆಂದು ಕಾಣುತ್ತದೆ, ಅಷ್ಟೆ.

ಇದೇ ಪ್ರಶ್ನೆ ಮಸೂದೆಗಳ ರೂಪದಲ್ಲಿ ಈಚೆಗೆ ಮತ್ತೊಮ್ಮೆ ಬಂದಿತು. ತಮಿಳುನಾಡಿನ ರಾಜ್ಯಪಾಲರು ತಡೆಹಿಡಿದಿದ್ದ ಹತ್ತು ಮಸೂದೆಗಳಿಗೆ ಅಂಗೀಕಾರ ದೊರೆತಂತೆಯೇ ಎಂದು 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ಹೇಳಿ, ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ತಿಂಗಳುಗಳ ಲೆಕ್ಕದಲ್ಲಿ ಗಡುವುಗಳನ್ನು ಗೊತ್ತುಮಾಡಿತು. ರಾಷ್ಟ್ರಪತಿಗಳು ಹದಿನಾಲ್ಕು ಪ್ರಶ್ನೆಗಳನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ಸಂವಿಧಾನದಲ್ಲಿಲ್ಲದ ಗಡುವನ್ನು ನ್ಯಾಯಾಲಯ ಹಾಕಲಾರದು, ಅಂಗೀಕಾರ ದೊರೆತಿದೆಯೆಂದು ಭಾವಿಸಲೂ ಆಗದು ಎಂದು ಐವರ ಪೀಠವು ಅದೇ ವರ್ಷದ ನವೆಂಬರ್ 20ರಂದು ಉತ್ತರ ಕೊಟ್ಟಿತು. ಕಾರಣ ಹೇಳದ, ಕೊನೆಯಿಲ್ಲದ ದೀರ್ಘ ಮೌನವಿದ್ದರೆ ಮಾತ್ರ, ತೀರ್ಮಾನ ಇಂಥದೇ ಆಗಲಿ ಎನ್ನದೆ, ಏನಾದರೊಂದು ತೀರ್ಮಾನ ಮಾಡಿರೆಂದು ಸೀಮಿತ ಆಜ್ಞೆ ಕೊಡಬಹುದು. ಎಷ್ಟು ಕಾಲದ ಮೌನ ದೀರ್ಘವೆನಿಸುತ್ತದೆಂಬುದನ್ನು ಆಯಾ ಮೊಕದ್ದಮೆಗೆ ಬಿಡಲಾಗಿದೆ.